ಒಂದೇ ಖೋಲಿ, ಎರಡು ಒಲೆ

ನಮ್ಮ ಮನೆಯಲ್ಲಿ ಕೆಲವು ತಿಂಗಳು ಒಬ್ಬ ಅರಬ ಇದ್ದ ಎಂದು ಹೇಳಿದರೆ ಜನ ಮೊದಲು ಕೇಳುವುದು ಅವನಿಗೆ ಎಷ್ಟು ಎಣ್ಣೆ ಬಾವಿಗಳಿದ್ದವು ಎಂದು. ಅವನು ಕಮ್ಯುನಿಸ್ಟನಾಗಿದ್ದ ಎಂದರೆ ನಗುತ್ತಾರೆ. ಗೋವಾದ ಫಾತೋರ್ಡಾದಲ್ಲಿ ನಾನೀಗ ಇರುವ ಕಟ್ಟಡದಲ್ಲಿ, ಮಗನನ್ನು ದುಬೈಗೆ ಕಳಿಸಿದ ನೆರೆಯವರೊಬ್ಬರು, ಅರಬರಲ್ಲಿ ಅದೆಲ್ಲ ಎಲ್ಲಿತ್ತು ಟೀಚರ್, ಅಲ್ಲಿರುವುದು ಶೇಖ್‌ಗಳು ಮತ್ತು ಮುಲ್ಲಾಗಳು ಅಷ್ಟೇ ಎಂದು ನನಗೇ ಪಾಠ ಹೇಳಿದರು. ನನಗೆ ಪಿತ್ತ ನೆತ್ತಿಗೇರಿತು. ಇರಲೇ ಇಲ್ಲವಂತೆ. ಇಲ್ಲದವರನ್ನು ನೇಣಿಗೆ ಹಾಕಲು ಆ ದೇಶಗಳ ಸರಕಾರಗಳು ಅಷ್ಟೊಂದು ಹಗ್ಗ ಯಾಕೆ ಖರ್ಚು ಮಾಡಿದವು? ಕನ್ನಡ ಶಾಲೆಯಲ್ಲಿ ಕೂಲಿಕಾರರ ಮಕ್ಕಳಿಗೆ ಅಕ್ಷರ ತಿದ್ದಿಸಿ ನಿವೃತ್ತಳಾದವಳು ನಾನು. ಸಿಟ್ಟನ್ನು ನುಂಗಿಕೊಳ್ಳುವುದನ್ನು ನೌಕರಿಯೇ ಕಲಿಸಿದೆ. ಆದರೆ ಈ ಒಂದು ವಿಷಯದಲ್ಲಿ ನುಂಗಿದ್ದು ಗಂಟಲಿನಿಂದ ಕೆಳಗೆ ಇಳಿಯುವುದಿಲ್ಲ. ಯಾಕೆ ಇಳಿಯುವುದಿಲ್ಲ ಎಂದು ಹೇಳಬೇಕಾದರೆ ವಾಸ್ಕೋ ಬಂದರಿನ ಪಕ್ಕದ ಬಾಯ್ನಾದ ಖೋಲಿಗೆ ಹೋಗಬೇಕು.

ಖೋಲಿ ಎಂದರೆ ಖೋಲಿಯೇ, ಒಂದೇ ಒಂದು. ಸಮುದ್ರದ ಕಡೆಗೆ ಬೆನ್ನು, ಗಲ್ಲಿಯ ಕಡೆಗೆ ಬಾಗಿಲು, ತಲೆಯ ಮೇಲೆ ತಗಡು, ಗೋಡೆಗೆ ಡಾಂಬರಿನ ಡಬ್ಬಿ ಬಿಚ್ಚಿ ಬಡಿದ ತಗಡಿನ ಹಾಳೆ. ನೆಲವನ್ನು ಎಷ್ಟು ಸಾರಿಸಿದರೂ ಅಡಿಯ ಮರಳು ಮೇಲೆದ್ದು ಬಂದು ಚಾಪೆಯಲ್ಲಿ, ಹಿಟ್ಟಿನಲ್ಲಿ, ನನ್ನ ತಲೆಗೂದಲಲ್ಲಿ ಸೇರಿಕೊಳ್ಳುತ್ತಿತ್ತು. ಅಪ್ಪ ಬಂದರಿನಲ್ಲಿ ಹಡಗಿಗೆ ಅದಿರು ತುಂಬುವ ಕೂಲಿ. ಸಂಜೆ ಬಂದಾಗ ಹುಬ್ಬಿನಿಂದ ಹಿಮ್ಮಡಿಯವರೆಗೆ ಕೆಂಪು. ಅವ್ವ ಹಿತ್ತಲಲ್ಲಿ ಅವನಿಗೆ ನೀರು ಹಾಕುತ್ತಿದ್ದಳು; ಆ ಕೆಂಪು ನೀರು ಮರಳಿನಲ್ಲಿ ಇಂಗುವುದನ್ನು ನೋಡುತ್ತ ನಾನು ನಿಂತಿರುತ್ತಿದ್ದೆ. ಬಾಗಿಲ ಎಡಕ್ಕೆ ಒಲೆ, ಬಲಕ್ಕೆ ನೀರಿನ ಕೊಡ, ನಡುವಿನ ಜಾಗದಲ್ಲಿ ನಾವು ಮೂವರು. ಗೋಡೆಗೆ ಎರಡು ಮೊಳೆ. ಒಂದರಲ್ಲಿ ಅವ್ವ ಜಪ ಎಣಿಸುವ ತಸಬಿ, ಇನ್ನೊಂದರಲ್ಲಿ ಅಪ್ಪನ ಅಂಗಿ, ಅಂಗಿಯ ಜೇಬಿಗೆ ಯೂನಿಯನ್ನಿನ ಕೆಂಪು ಬಿಲ್ಲೆ. ಆ ಮನೆಯಲ್ಲಿ ಯಾರ ದೇವರು ಯಾರದೆಂದು ಯಾರೂ ಜಗಳ ತೆಗೆಯುತ್ತಿರಲಿಲ್ಲ. ಮುಂದೆ ಸರಕಾರ ಬಾಯ್ನಾ ಕೆಡವಿದಾಗ ಗೋಡೆಯೂ ಹೋಯಿತು, ಮೊಳೆಗಳೂ ಹೋದವು.

ನಾವು ನದಾಫರು, ಬಾಗಲಕೋಟೆ ಕಡೆಯವರು, ಹತ್ತಿ ಹಿಂಜುವ ಕುಲ. ಮನೆಮಾತು ಕನ್ನಡ. ಇದರಿಂದ ಅವ್ವನಿಗೆ ಬಾಯ್ನಾದಲ್ಲಿ ಆಗುತ್ತಿದ್ದ ಅವಮಾನ ಅಷ್ಟಿಷ್ಟಲ್ಲ. ಉರ್ದು ಬಲ್ಲ ಹೆಂಗಸರು ನಲ್ಲಿಯ ಸಾಲಿನಲ್ಲಿ ನಮ್ಮನ್ನು ಅರ್ಧ ಮುಸಲ್ಮಾನರು ಎನ್ನುತ್ತಿದ್ದರು. ಐದು ಹೊತ್ತು ನಮಾಜು ತಪ್ಪಿಸದ ಅವ್ವ ಅದನ್ನು ಕೇಳಿ ಕೊಡ ಹೊತ್ತು ಬಂದು, ಸಿಟ್ಟನ್ನೆಲ್ಲ ರೊಟ್ಟಿಯ ಮೇಲೆ ಬಡಿಯುತ್ತಿದ್ದಳು. ಅಪ್ಪನಿಗೆ ಇದರ ಪರಿವೆಯೇ ಇಲ್ಲ. ಅವನ ಜುಮ್ಮಾ ನಮಾಜು ಎಂದರೆ ಭಾನುವಾರದ ಯೂನಿಯನ್ ಮೀಟಿಂಗು. ಅಲ್ಲಿ ಸೆಕ್ರೆಟರಿ ಹೇಳಿದ್ದು ಕಲ್ಲಿನ ಮೇಲೆ ಕೊರೆದ ಹಾಗೆ. ಸೆಕ್ರೆಟರಿ ವಾಸ್ಕೋದವರು, ವಕೀಲಿ ಓದಿದವರು, ಕೂಲಿಕಾರರೊಂದಿಗೆ ಮಾತಾಡಿ ಮಾತಾಡಿ ನಮ್ಮ ಕನ್ನಡವನ್ನು ನಮ್ಮ ಹಾಗೆಯೇ ಆಡುತ್ತಿದ್ದರು. ಅವರನ್ನು ಕೆಟ್ಟವರು ಎನ್ನಲಾರೆ. ನಮ್ಮವರಿಗೆ ಕೂಲಿ ಹೆಚ್ಚಿಸಿಕೊಟ್ಟವರು ಅವರು, ಕೈಕಾಲು ಮುರಿದವರಿಗೆ ಪರಿಹಾರ ಕೊಡಿಸಿದವರು ಅವರು, ಪೊಲೀಸರ ಲಾಠಿಯ ಮುಂದೆ ಮೊದಲು ನಿಂತವರೂ ಅವರೇ. ನನ್ನ ಸಿಟ್ಟು ಇಷ್ಟು ಬಾಳಿಕೆ ಬಂದಿರುವುದು ಅದಕ್ಕೇ. ಕೆಟ್ಟವರ ಮೇಲಿನ ಸಿಟ್ಟು ಬೇಗ ಆರಿಹೋಗುತ್ತದೆ.

ಎಪ್ಪತ್ತರ ದಶಕದಲ್ಲಿ ಒಂದು ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅಪ್ಪ ಭುಜದ ಎಲುಬು ಮುರಿದುಕೊಂಡು ದವಾಖಾನೆ ಸೇರಿದ. ಪಕ್ಕದ ಮಂಚದಲ್ಲಿ ಕಾಮಾಲೆಯಿಂದ ಹಳದಿಯಾಗಿ ಮಲಗಿದ್ದವನು ಇರಾಕಿನ ಖಲಾಸಿ, ಬಸ್ರಾದವನು, ಹೆಸರು ಜಾಸಿಮ್. ಅವನ ಹಡಗು ಅವನನ್ನು ಇಳಿಸಿ ಹೊರಟುಹೋಗಿತ್ತು. ಮುಂದೆ ಬಸ್ರಾಕ್ಕೆ ಹೋಗುವ ಹಡಗು ಬಂದಾಗ ಹಡಗು ಕಂಪನಿಯ ಏಜೆಂಟ್ ಅವನನ್ನು ಅದಕ್ಕೆ ಹತ್ತಿಸಿ ವಾಪಸು ಕಳಿಸಬೇಕಿತ್ತು. ಬಂದರುಗಳಲ್ಲಿ ಕಲಿತ ಹರಕು ಹಿಂದಿ ಅವನಿಗೆ ಬರುತ್ತಿತ್ತು. ಅಪ್ಪನ ಅಂಗಿಯ ಕೆಂಪು ಬಿಲ್ಲೆಯನ್ನು ನೋಡಿ, ಅದನ್ನು ಬೆರಳಿನಿಂದ ಮುಟ್ಟಿ, ಅದೇ ಕೈಯನ್ನು ತನ್ನ ಎದೆಯ ಮೇಲೆ ಇಟ್ಟುಕೊಂಡನಂತೆ. ಅಪ್ಪನಿಗೆ ಅಷ್ಟೇ ಸಾಕಾಯಿತು. ವಾಪಸು ಹೋದರೆ ತನ್ನನ್ನು ಕೊಲ್ಲುತ್ತಾರೆ ಎಂದು ಅವನು ಹೇಳಿದ್ದನ್ನು ಅಪ್ಪ ಆಗ ನಂಬಿದ್ದ, ಇದನ್ನು ಮರೆಯಬಾರದು. ಡಾಕ್ಟರು ಬಿಟ್ಟ ದಿನ, ಇವನು ನಮ್ಮ ಬೀಗರ ಪೈಕಿ ಎಂದು ಯಾರಿಗೋ ಹೇಳಿ, ಭುಜ ಮುರಿದವನು ಕಾಮಾಲೆಯವನನ್ನು ಹಿಡಿದುಕೊಂಡು ಮನೆಗೆ ಬಂದ.

ಬಸ್ರಾ ಎಂಬ ಹೆಸರು ಕಿವಿಗೆ ಬಿದ್ದದ್ದೇ ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಬಸ್ರಾ ಎಂದರೆ ಇರಾಕ್, ಇರಾಕ್ ಎಂದರೆ ಕರ್ಬಲಾ. ನಮ್ಮ ಕಡೆ ಮೊಹರಮ್ಮಿನಲ್ಲಿ ಜಾತಿ-ಧರ್ಮ ಎನ್ನದೆ ಊರೆಲ್ಲ ಹೆಜ್ಜೆ ಹಾಕಿ ಹಾಡುವುದು ಆ ಕರ್ಬಲಾದ ಕತೆಯನ್ನೇ. ಬಂದವರಿಗೆ ಕಾಲಿಗೆ ನೀರು ಕೊಡುವುದು ನಮ್ಮ ಪದ್ಧತಿ. ಅವ್ವ ಚರಿಗೆ ಕೊಟ್ಟು ಸುಮ್ಮನಾಗದೆ ತಾನೇ ಬಗ್ಗಿ ನೀರು ಹಾಕಿದಳು. ಆಗ ಅವನ ಅಂಗಾಲು ಕಂಡಿತು. ಸುಟ್ಟ ಬದನೆಕಾಯಿಯ ಸಿಪ್ಪೆಯ ಹಾಗೆ ಸುಕ್ಕುಗಟ್ಟಿ, ಅಲ್ಲಲ್ಲಿ ಗಂಟು ಬಿದ್ದು, ಹಿಮ್ಮಡಿಯ ಹತ್ತಿರ ಮಾಂಸವೇ ಇರಲಿಲ್ಲ. ಬರಿಗಾಲಲ್ಲಿ ಕರ್ಬಲಾಕ್ಕೆ ನಡೆದುಹೋಗಿ ಬಂದ ಕಾಲು ಇದು ಎಂದುಕೊಂಡಳು ಅವ್ವ. ಎಂದುಕೊಂಡು ಸುಮ್ಮನಿರಲಿಲ್ಲ, ನಲ್ಲಿಯ ಸಾಲಿನಲ್ಲಿ ಹೇಳಿದಳು. ಅರ್ಧ ಮುಸಲ್ಮಾನಳ ಖೋಲಿಗೆ ಪೂರಾ ಅರಬ ಬಂದಿದ್ದಾನೆ ಎಂಬ ಸುದ್ದಿ ಸಂಜೆಯೊಳಗೆ ಬಾಯ್ನಾ ತುಂಬ ಹಬ್ಬಿತು. ತಾನೇ ಹತ್ತಿ ತುಂಬಿ ಹೊಲಿದ ಹೊಸ ಗಾದಿಯನ್ನು ಅವ್ವ ಅವನಿಗೆ ಹಾಸಿಕೊಟ್ಟಳು. ನನಗೆ ಆ ಗಾದಿಯ ಮೇಲೆ ಕೂರಲೂ ಬಿಟ್ಟಿರಲಿಲ್ಲ.

ಗುರುವಾರ ಸಂಜೆ ಹೆಂಗಸರು ಬಾಟಲಿ, ತಂಬಿಗೆಗಳಲ್ಲಿ ನೀರು ಹಿಡಿದುಕೊಂಡು ಬರತೊಡಗಿದರು. ಕೂಸಿಗೆ ದೃಷ್ಟಿಯಾಗಿದೆ, ಗಂಡ ಕುಡಿತ ಬಿಡುತ್ತಿಲ್ಲ, ಓದಿ ಊದಿ ಕೊಡಲಿ ಎಂದು ಬೇಡಿಕೆ. ಎಲ್ಲರಿಗಿಂತ ಮೊದಲು ಬರುತ್ತಿದ್ದವಳು ಪಕ್ಕದ ಖೋಲಿಯ ಶಾಂತವ್ವ, ಮೀನು ಒಣಗಿಸುವ ಕೆಲಸದವಳು. ಜಾಸಿಮ್ ಆಗುವುದಿಲ್ಲ ಎಂದ. ದೇವರನ್ನು ನಂಬದವನು ದೇವರ ಮಾತಿನಲ್ಲಿ ಸುಳ್ಳಾಡುವುದು ಹೇಗೆ ಎಂದು ಅವನ ಹಟ. ಅಪ್ಪ ಬಿಡಲಿಲ್ಲ, ಮುಲ್ಲಾ ಎಂದುಕೊಂಡರೆ ಯಾರೂ ಕಾಗದಪತ್ರ ಕೇಳುವುದಿಲ್ಲ, ಏನಾದರೂ ಓದು ಎಂದು ಹಿಂದೆ ಬಿದ್ದ. ಕಡೆಗೆ ಅವನು ಏನೋ ಯೋಚಿಸಿ ಒಪ್ಪಿದ. ಕಣ್ಣು ಮುಚ್ಚಿ, ಒಂದೇ ಲಯದಲ್ಲಿ, ಮೆಲ್ಲಗೆ ಅರಬಿಯಲ್ಲಿ ಏನನ್ನೋ ಹೇಳುತ್ತಿದ್ದ, ತುಸು ನಿಲ್ಲುತ್ತಿದ್ದ. ನಿಂತಾಗಲೆಲ್ಲ ಹೆಂಗಸರು ಆಮೀನ್ ಎನ್ನುತ್ತಿದ್ದರು. ಶಾಂತವ್ವನದೇ ಎಲ್ಲರಿಗಿಂತ ದೊಡ್ಡ ಆಮೀನ್. ಆ ನೀರು ಕುಡಿದು ಗುಣವಾಗುವ ಕೂಸುಗಳು ಗುಣವಾದವು, ಕುಡುಕರು ಕುಡುಕರಾಗಿಯೇ ಉಳಿದರು.

ಉಳಿದ ದಿನ ಅವನು ಅವ್ವನ ಒಲೆಗೆ ಗಂಟುಬಿದ್ದ ಪೀಡೆ. ಒಣಭೂಮಿಯಿಂದ ಬಂದ ಅವ್ವ ಮೀನು ಮಾಡುವುದನ್ನು ಕಲಿತದ್ದೇ ಬಾಯ್ನಾದಲ್ಲಿ. ಕಲಿತ ಮೇಲೆ ತನ್ನದೇ ಸರಿ ಎಂಬ ಗರ್ವವೂ ಬಂದಿತ್ತು. ಇವನು ಮೀನನ್ನು ಬೆನ್ನಿನ ಕಡೆಯಿಂದ ಸೀಳಿ, ಅಗಲವಾಗಿ ಬಿಡಿಸಿ, ಹುಣಸೆಹುಳಿ ಸವರಿ, ಬೆಂಕಿಯ ಮೇಲಲ್ಲ, ಬೆಂಕಿಯ ಪಕ್ಕದಲ್ಲಿ ಕಡ್ಡಿಗೆ ಆನಿಸಿ ನಿಲ್ಲಿಸುತ್ತಿದ್ದ. ಮೀನು ಚಳಿ ಕಾಯಿಸುತ್ತ ಕೂತಿದೆ ಎಂದು ಅವ್ವ ಬೈಯುತ್ತಿದ್ದಳು. ಬೇಯುವವರೆಗೆ ನಮ್ಮ ಹಸಿವೆಲ್ಲ ಸತ್ತುಹೋಗುತ್ತಿತ್ತು. ಆದರೆ ತಿಂದರೆ ಮತ್ತೆ ಬದುಕುತ್ತಿತ್ತು. ನನ್ನನ್ನು ಎಲ್ಲರೂ ಜೈನಿ ಎಂದರೆ ಅವನೊಬ್ಬ ಪೂರ್ತಿ ಹೆಸರು ಹಿಡಿದು ಜೈನಬ್ ಎಂದು ಕರೆಯುತ್ತಿದ್ದ. ಆ ಖೋಲಿಯಲ್ಲಿ ನಾಲ್ಕು ಜನ ನಕ್ಕದ್ದು ಆ ದಿನಗಳಲ್ಲೇ.

ಒಂದು ಗುರುವಾರ ಅರಬಿ ಬಲ್ಲ ಮಸೀದಿಯ ಹಾಫೀಜರು, ಭಕ್ತಿಯಿಂದಲೇ, ಬಂದು ಹಿಂದೆ ಕೂತರು. ಅರ್ಧಕ್ಕೇ ಎದ್ದು ಹೋದರು. ಮರುದಿನ ಅವ್ವನನ್ನು ಕರೆಸಿ, ಇದು ಕುರಾನಿನ ಆಯತ್ ಅಲ್ಲ, ದುವಾ ಅಲ್ಲ, ಬರೀ ಮನುಷ್ಯರ ಹೆಸರುಗಳು, ಹೆಸರಿನ ಬೆನ್ನಿಗೆ ಊರುಗಳು, ನಿಮಗೆಲ್ಲ ಮೋಸ ಮಾಡುತ್ತಿದ್ದಾನೆ ಎಂದರು. ಅವ್ವ ಮನೆಗೆ ಬಂದು ಜಾಸಿಮ್‌ನ ಎದುರಿಗೆ ಕೂತಳು. ನಾನು ಅಲ್ಲೇ ಇದ್ದೆ. ಅವ್ವನದು ಬಾಜಾರದ ಹಿಂದಿ, ಅವನದು ಬಂದರಿನ ಹಿಂದಿ. ಇಬ್ಬರ ಮಾತನ್ನೂ ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ.

“ಯಾರ ಹೆಸರ ತಮ್ಮಾ, ಅವು?”

“ಜೇಲಿನ್ಯಾಗ ನನ್ನ ಕೂಡ ಇದ್ದವರು, ಅಕ್ಕಾ. ಬಂದರದವರು, ರೈಲಿನವರು, ಒಬ್ಬ ಸಾಲಿ ಮಾಸ್ತರ. ಅವರಿಗೆ ಗೋರಿ ಇಲ್ಲ. ಯಾರರ ಬಾಯಿಲೆ ಅಂದ್ರಷ್ಟ ಅವರು ಇದ್ದರು ಅನ್ನೂದು ಉಳಿತೈತಿ. ನಿಮ್ಮ ಹೆಣ್ಮಕ್ಕಳು ಆಮೀನ್ ಅಂದರು. ಅಷ್ಟರ ಸಿಕ್ಕಿತು ಅವರಿಗೆ.”

ಆಮೇಲೆ ಅವನು ತನ್ನ ಕಾಲುಗಳ ಕತೆಯನ್ನೂ ಹೇಳಿದ. ಅಂಗಾಲಿಗೆ ಕೇಬಲ್ಲಿನಿಂದ ಹೊಡೆದು, ಉಪ್ಪು ನೀರಿನಲ್ಲಿ ನಡೆಸಿ, ಮತ್ತೆ ಹೊಡೆಯುತ್ತಿದ್ದರಂತೆ. ಅವ್ವ ಕರ್ಬಲಾಕ್ಕೆ ಹೋಗದ ಆ ಕಾಲುಗಳನ್ನು ಮತ್ತೊಮ್ಮೆ ಬಗ್ಗಿ ನೋಡಿದಳು. ಅವನು ನಮಾಜು ಮಾಡುವುದಿಲ್ಲ, ದೇವರಿಲ್ಲ ಎನ್ನುತ್ತಾನೆ, ತನ್ನ ಗಂಡನಿಗಿಂತ ಒಂದು ಕೈ ಮೇಲು ಎಂಬುದೂ ಅವಳಿಗೆ ಆಗ ತಿಳಿಯಿತು. ಮನೆಯಿಂದ ಹೊರಗೆ ಹಾಕುತ್ತಾಳೆ ಎಂದು ನಾನು ಹೆದರಿದೆ. ಮುಂದಿನ ಗುರುವಾರ ಅವ್ವ ಬಾಗಿಲಲ್ಲಿ ನಿಂತು ಬಂದ ಹೆಂಗಸರಿಗೆ, ಇವು ಸತ್ತವರ ಹೆಸರು, ಬೇನೆಗೆ ಮದ್ದಲ್ಲ, ಮನಸ್ಸಿದ್ದವರು ಕೂಡ್ರಿ ಎಂದಳು. ಅರ್ಧಕ್ಕರ್ಧ ಜನ ತಂಬಿಗೆ ಎತ್ತಿಕೊಂಡು ಹೋದರು. ಶಾಂತವ್ವ ಕೂತಳು. ಸಮುದ್ರದಲ್ಲಿ ಮುಳುಗಿಹೋದ ತನ್ನ ಮಗನ ಹೆಸರನ್ನೂ ಜೊತೆಗೆ ಸೇರಿಸಲಿಕ್ಕೆ ಬರುತ್ತದೆಯೇ ಎಂದು ಕೇಳಿದಳು. ಅವನು ಸೇರಿಸಿದ, ಹೆಸರಿನ ಹಿಂದೆ ಬಾಯ್ನಾ ಎಂದೂ ಹೇಳಿದ. ಅವ್ವ ಆಮೀನ್ ಎಂದಳು.

ಅದಾದ ಮೇಲೆ ಮುಚ್ಚುಮರೆ ಉಳಿಯಲಿಲ್ಲ. ಸಂಜೆ ಅಪ್ಪ ಬಂದ ಮೇಲೆ ಅವನು ತನ್ನ ದೇಶದ ಕತೆ ಹೇಳುತ್ತಿದ್ದ. ರಾಜನ ಕಾಲದಲ್ಲಿ ಬಸ್ರಾದ ಬಂದರು, ರೈಲು, ಎಣ್ಣೆ ಬಾವಿಗಳ ಕೂಲಿಗಳು ಮುಷ್ಕರ ಹೂಡಿದ್ದು. ಅವರ ನಾಯಕರನ್ನು ಚೌಕದಲ್ಲಿ ಗಲ್ಲಿಗೇರಿಸಿ, ಕೆಲಸಕ್ಕೆ ಹೋಗುವವರು ನೋಡಲಿ ಎಂದು ಹೆಣಗಳನ್ನು ಹಾಗೇ ಬಿಟ್ಟದ್ದು. ರಾಜ ಹೋದ ಮೇಲೆ ಬಾಗ್ದಾದಿನ ಬೀದಿಗಳು ಕೆಂಪಾದದ್ದು. ಆಮೇಲೆ ಬಂದೂಕಿನವರು ಬಂದು ಮನೆಮನೆ ಹೊಕ್ಕು ಕೊಂದದ್ದು. ಅದೇ ಬಂದೂಕಿನವರು ಕೆಲವು ವರ್ಷ ಬಿಟ್ಟು ನಗುತ್ತ ಬಂದು, ಬನ್ನಿ, ಕೂಡಿ ಆಳೋಣ ಎಂದು ಇವರ ಪಕ್ಷದ ಇಬ್ಬರಿಗೆ ಮಂತ್ರಿಗಿರಿ ಕೊಟ್ಟದ್ದು. ಈಜಿಪ್ತಿನಲ್ಲಿ ಇವರಂಥವರನ್ನು ಮರುಭೂಮಿಯ ಜೇಲಿನಲ್ಲಿ ಕಲ್ಲು ಒಡೆಯಲು ಹಾಕಿದರೆ ಅವರು ಅಲ್ಲಿಂದಲೇ ತಮ್ಮನ್ನು ಹಾಕಿದವನಿಗೆ ಜೈ ಅನ್ನುತ್ತಿದ್ದರಂತೆ, ಯಾಕೆಂದರೆ ಅವನು ರಷ್ಯಾದ ಗೆಳೆಯ. ಸುಡಾನಿನಲ್ಲಿ ಅಷ್ಟು ದೊಡ್ಡ ಪಕ್ಷ ಕಟ್ಟಿದವರನ್ನೂ ಅಂಥದೇ ಇನ್ನೊಬ್ಬ ಗೆಳೆಯನೇ ನೇಣಿಗೆ ಹಾಕಿದನಂತೆ. ಹೊಡೆದವರು ಯಾರು ಎಂಬುದು ಅವನಿಗೆ ದೊಡ್ಡದಾಗಿರಲಿಲ್ಲ. ಹೊಡೆತ ಬೀಳುತ್ತಿರುವಾಗ, ಅವರು ನಮ್ಮ ಕಡೆಯವರು, ಸ್ವಲ್ಪ ತಾಳಿಕೊಳ್ಳಿ ಎಂದು ತನ್ನವರೇ ಹೇಳಿದ್ದು ಮಾತ್ರ ಅವನಿಗೆ ಮರೆಯಲಾಗುತ್ತಿರಲಿಲ್ಲ. ಅಪ್ಪ ಈ ಮಾತು ಬಂದಾಗ ಬೀಡಿ ಹಚ್ಚಿಕೊಂಡು ಹೊರಗೆ ಹೋಗುತ್ತಿದ್ದ.

ಬಸ್ರಾದ ಹಡಗು ಬರುವ ಸುದ್ದಿ ಬಂತು. ಏಜೆಂಟ್ ಯೂನಿಯನ್ ಆಫೀಸಿಗೆ ಹೋಗಿ, ನಿಮ್ಮ ಆಳು ನಮ್ಮ ಖಲಾಸಿಯನ್ನು ಅಡಗಿಸಿಟ್ಟಿದ್ದಾನೆ, ಒಪ್ಪಿಸದಿದ್ದರೆ ಪೊಲೀಸರು ಬರುತ್ತಾರೆ ಎಂದ. ಸೆಕ್ರೆಟರಿ ಪಾರ್ಟಿಯ ಮೇಲಿನವರನ್ನು ಕೇಳಿದರು, ಮೇಲಿನವರು ಹೇಳಿ ಕಳಿಸಿದರು. ಅದನ್ನು ಹಿಡಿದುಕೊಂಡು ಸೆಕ್ರೆಟರಿ ನಮ್ಮ ಖೋಲಿಗೆ ಬಂದರು. ಅವ್ವ ಹಾಸಿದ ಗಾದಿಯ ಮೇಲೆ, ಜಾಸಿಮ್‌ನ ಪಕ್ಕದಲ್ಲೇ ಕೂತರು. ಅವ್ವನ ಕೈಯ ಚಹಾ ಕುಡಿದರು. ಅವನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಅಪ್ಪನಿಗೆ ಹೇಳಿದರು:

“ಆ ಸರಕಾರ ನಮ್ಮ ಕಡೆದೈತಿ, ಮಕ್ತುಮಸಾಬ. ಇವ ಹೇಳೂದೆಲ್ಲಾ ಅಮೆರಿಕಾದವರು ಎಬ್ಬಿಸಿದ ಸುದ್ದಿ. ಹಡಗಕ್ಕ ಹತ್ತಸು. ಏನೂ ಆಗಂಗಿಲ್ಲ.”

ಜಾಸಿಮ್‌ಗೆ ಕನ್ನಡ ತಿಳಿಯುತ್ತಿರಲಿಲ್ಲ, ಆದರೆ ಅಮೆರಿಕಾ ಎಂಬುದು ತಿಳಿಯಿತು. ಜೇಲಿನಲ್ಲಿ ಹೊಡೆಯುವ ಮೊದಲೂ ಅದೇ ಹೆಸರು ಹೇಳುತ್ತಿದ್ದರಂತೆ. ಅವನು ಕಪ್ಪು ಕೆಳಗಿಟ್ಟು ಗೋಡೆಗೆ ಒರಗಿ ಕೂತ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಆದರೆ ಸೆಕ್ರೆಟರಿ ಆಟವನ್ನೂ ಆಡುತ್ತಿರಲಿಲ್ಲ, ಪೂರ್ತಿ ನಂಬಿಕೊಂಡೇ ಹೇಳುತ್ತಿದ್ದರು. ಆ ನಂಬಿಕೆಯನ್ನು ನೆನೆದರೆ ಇವತ್ತಿಗೂ ನಾನು ಹಲ್ಲು ಕಡಿಯುತ್ತೇನೆ. ಒಂದು ಮೊಳ ದೂರದಲ್ಲಿ ಅವನ ಕಾಲುಗಳಿದ್ದವು. ಬಗ್ಗಿ ನೋಡಿದ್ದರೆ ಸಾಕಿತ್ತು. ಅದಕ್ಕೆ ವಕೀಲಿ ಓದಬೇಕಾಗಿರಲಿಲ್ಲ.

ಸೆಕ್ರೆಟರಿ ಹೋದ ಮೇಲೆ ನನ್ನ ಬಾಲ್ಯದ ಅತಿ ದೊಡ್ಡ ಜಗಳ ನಡೆಯಿತು, ಅದೂ ದನಿ ಏರಿಸದೆ. ಅವ್ವ ದಾರಿಯನ್ನೂ ಹುಡುಕಿ ಇಟ್ಟಿದ್ದಳು. ತನ್ನ ಅಣ್ಣನ ಗಾದಿ ಅಂಗಡಿ ಇಳಕಲ್ಲಿನಲ್ಲಿದೆ, ನಾಳೆ ಬಸ್ಸಿಗೆ ತಾನೇ ಕರೆದುಕೊಂಡು ಹೋಗುತ್ತೇನೆ, ಅಲ್ಲಿ ಹತ್ತಿ ಹಿಂಜಿಕೊಂಡಿರಲಿ, ಅಲ್ಲಿಗೆ ಯಾವ ಏಜೆಂಟ್ ಬರುತ್ತಾನೆ ಎಂದಳು. ಅಪ್ಪ ತಲೆ ಎತ್ತಲಿಲ್ಲ.

“ಪಾರ್ಟಿ ಹೇಳೇತಿ. ಶಿಸ್ತು ಅನ್ನೂದು ನಿನಗ ತಿಳಿಯಂಗಿಲ್ಲ.”

“ನಿಮ್ಮ ಸೆಕ್ರೆಟರಿ ಅವನ ಅಂಗಾಲ ನೋಡ್ಯಾರೇನ್ರಿ? ನಾ ನೋಡೇನಿ, ನೀವೂ ನೋಡೀರಿ. ನಾಳೆ ಅಲ್ಲಾ ಕೇಳಿದ್ರ ನಾ ಖರೇ ಹೇಳತೇನಿ. ನಿಮ್ಮನ್ನ ಯಾರು ಕೇಳವರು?”

ದೇವರಿಲ್ಲ ಎಂದವನನ್ನು ದೇವರಿಗೆ ಹೆದರುವವಳು ಉಳಿಸಿಕೊಳ್ಳಲು ಹೆಣಗುತ್ತಿದ್ದಳು. ಅವನನ್ನು ಕಾಮ್ರೇಡ್ ಎಂದು ಎದೆಗೆ ಒತ್ತಿಕೊಂಡು ಕರೆತಂದವನು ಸಾಯಲು ಕಳಿಸುತ್ತಿದ್ದ. ಇದನ್ನು ಹೇಳಿದರೆ ಕೆಲವರು ಧರ್ಮ ದೊಡ್ಡದು ಎಂದು ಅರ್ಥ ಮಾಡಿಕೊಳ್ಳುತ್ತಾರೆ. ಅವರ ಮೇಲೂ ನನಗೆ ಸಿಟ್ಟೇ. ಅವನು ಮೋಸಗಾರ ಎಂದು ಹೇಳಿದ ಹಾಫೀಜರೂ ಧರ್ಮದವರೇ ಆಗಿದ್ದರು. ಅವ್ವ ಕಣ್ಣಿಂದ ನೋಡಿದ್ದನ್ನು ನಂಬಿದಳು, ಇವರು ಮೇಲಿನಿಂದ ಬಂದದ್ದನ್ನು ನಂಬಿದರು, ವಿಷಯ ಇಷ್ಟೇ.

ಮರುದಿನ ಬೆಳಿಗ್ಗೆ ಅಪ್ಪ ತೊಳೆದ ಅಂಗಿ ಹಾಕಿಕೊಂಡ. ಅವ್ವ ಎರಡೂ ಕೈ ಚಾಚಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಇಳಕಲ್ಲಿನ ಮಾತನ್ನು ಜಾಸಿಮ್‌ಗೂ ಹೇಳಿದ್ದಳು, ಅವನು ಒಪ್ಪಿರಲಿಲ್ಲ. ನಾನು ಓಡಿದರೆ ಪೊಲೀಸರು ಈ ಮನೆಗೆ ಬರುತ್ತಾರೆ ಅಕ್ಕಾ, ಪೊಲೀಸರು ಮನೆಗೆ ಬಂದರೆ ಏನಾಗುತ್ತದೆ ಎಂದು ನಾನು ಕಂಡಿದ್ದೇನೆ ಎಂದಿದ್ದ. ಅಪ್ಪ ಅವ್ವನ ಒಂದು ಕೈಯನ್ನು ಚೌಕಟ್ಟಿನಿಂದ ಬಿಡಿಸಿದ. ಆಗ ನಾನು ಹೋಗಿ ಅಪ್ಪನ ಕೈ ಕಚ್ಚಿದೆ. ರಕ್ತ ಬರುವ ಹಾಗೆ ಕಚ್ಚಿದೆ. ಅವನು ನನ್ನನ್ನು ಹೊಡೆಯಲಿಲ್ಲ. ಏನೂ ಆಗುವುದಿಲ್ಲ ಎಂದು ಸೆಕ್ರೆಟರಿಯ ಮಾತನ್ನೇ ನನಗೂ ಹೇಳಿದ. ಕಚ್ಚಿದ್ದಕ್ಕೆ ನನಗೆ ಆಗಲೂ ಪಶ್ಚಾತ್ತಾಪ ಇರಲಿಲ್ಲ, ಈಗಲೂ ಇಲ್ಲ. ಜಾಸಿಮ್ ನನ್ನ ತಲೆಯ ಮೇಲೆ ಕೈಯಿಟ್ಟು, ಮರಳಲ್ಲಿ ಕಾಲು ನೋಯುತ್ತದೆ ಎಂದು ಪಾದದ ಅಂಚಿನ ಮೇಲೆ ನಡೆಯುತ್ತ, ಅಪ್ಪನ ಹಿಂದೆ ಹೋದ. ಅವನಿಂದ ಒಂದು ಕಾಗದವೂ ಬರಲಿಲ್ಲ. ಅದೇ ಹಡಗು ಮುಂದೊಮ್ಮೆ ಬಂದಾಗ ಅಪ್ಪ ಖಲಾಸಿಗಳನ್ನು ಕೇಳಿದ. ಬಸ್ರಾದಲ್ಲಿ ಹಡಗುಕಟ್ಟೆಯ ಮೇಲೆಯೇ ಅವನನ್ನು ಜೀಪಿಗೆ ಹಾಕಿಕೊಂಡು ಹೋದರು ಎಂದರಂತೆ. ಅಪ್ಪ ಇದನ್ನು ಅವ್ವನಿಗೆ ಬಂದು ಹೇಳಿದ, ಅದನ್ನಾದರೂ ಮುಚ್ಚಿಡಲಿಲ್ಲ.

ಆದರೆ ಅವ್ವ ಆ ಸುದ್ದಿಗೆ ಕಾಯುತ್ತ ಕೂತಿರಲಿಲ್ಲ. ಜಾಸಿಮ್‌ನನ್ನು ಕಳಿಸಿದ ದಿನ ಸಂಜೆಯೇ, ನೀರಿನ ಕೊಡವನ್ನು ಸರಿಸಿ, ಬಾಗಿಲ ಬಲಕ್ಕೆ ಮೂರು ಕಲ್ಲು ಇಟ್ಟಳು. ಹಿಟ್ಟಿನ ಡಬ್ಬಿಯಿಂದ ಪಾಲು ತೆಗೆದಳು, ಹಳೆಯ ಹಂಚು ಕೊಟ್ಟಳು, ಒಂದು ತಾಟು ಕೊಟ್ಟಳು. ಕೆಲಸದಿಂದ ಬಂದ ಅಪ್ಪನಿಗೆ ಎಂದಿನಂತೆ ಹಿತ್ತಲಲ್ಲಿ ನೀರು ಹಾಕಿ, ಒಳಗೆ ಬಂದ ಮೇಲೆ ತೋರಿಸಿದಳು.

“ಇದು ನಿಮ್ಮ ಒಲಿ. ನಿಮ್ಮ ಪಾರ್ಟಿ ಬಂದು ರೊಟ್ಟಿ ಬಡದ ಕೊಡ್ಲಿ.”

ನಮ್ಮ ಕಡೆ ಅಣ್ಣತಮ್ಮಂದಿರು ಮುನಿಸಿಕೊಂಡರೆ ಒಲೆ ಬೇರೆಯಾಗುತ್ತದೆ. ಒಂದೇ ಖೋಲಿಯಲ್ಲಿ, ಒಂದೇ ಚಾಪೆಯ ಗಂಡ ಹೆಂಡಿರ ಒಲೆ ಬೇರೆಯಾದದ್ದನ್ನು ಯಾರೂ ಕೇಳಿರಲಿಲ್ಲ. ಎರಡು ದಿನದ ಮುನಿಸು ಎಂದುಕೊಂಡ ಅಪ್ಪ. ಅವನ ರೊಟ್ಟಿ ಒಂದು ಕಡೆ ಸೀಯುತ್ತಿತ್ತು, ಇನ್ನೊಂದು ಕಡೆ ಹಸಿ ಉಳಿಯುತ್ತಿತ್ತು. ಖೋಲಿಗೆ ಎರಡೂ ಕಡೆಯಿಂದ ಹೊಗೆ. ಅವ್ವ ಅವನ ಬಟ್ಟೆ ಒಗೆಯುತ್ತಿದ್ದಳು, ಜ್ವರ ಬಂದರೆ ಹಣೆಗೆ ಪಟ್ಟಿ ಹಾಕುತ್ತಿದ್ದಳು, ಮಾತೂ ಆಡುತ್ತಿದ್ದಳು; ಅನ್ನ ಮಾತ್ರ ಇಲ್ಲ. ನನಗೆ ಯಾವ ಒಲೆಯ ಮುಂದೆ ಕೂರಬೇಕೆಂದು ಇಬ್ಬರೂ ಹೇಳಲಿಲ್ಲ. ನಾನು ಅವ್ವನ ಕಡೆ ಕೂರುತ್ತಿದ್ದೆ. ಅಪ್ಪ ಕೆಲವೊಮ್ಮೆ ತನ್ನ ತಾಟಿನಿಂದ ಒಂದು ಮೀನಿನ ತುಂಡನ್ನು ನನ್ನ ಕಡೆ ಸರಿಸುತ್ತಿದ್ದ, ನಾನು ಅದನ್ನು ಹಾಗೇ ವಾಪಸು ಸರಿಸುತ್ತಿದ್ದೆ. ಬೇರೆ ಮಕ್ಕಳು ಆ ವಯಸ್ಸಿನಲ್ಲಿ ಮಗ್ಗಿ ಕಲಿಯುತ್ತಾರೆ. ನಾನು ಸಿಟ್ಟು ಹಿಡಿಯುವುದನ್ನು ಕಲಿತೆ, ಕೂಗದೆ, ಅಳದೆ, ದಿನಕ್ಕೆ ಎರಡು ಹೊತ್ತು. ಯೂನಿಯನ್ನಿಗೆ ಸುದ್ದಿ ಮುಟ್ಟಿ, ಸೆಕ್ರೆಟರಿಯೇ ರಾಜಿ ಮಾಡಿಸಲು ಬಂದರು. ಅವ್ವ ಅವರಿಗೆ ಮಣೆ ಹಾಕಿ ಕೂರಿಸಿ, ಚಹಾ ಬೇಕಾದರೆ ಆ ಕಡೆಯ ಒಲೆಯ ಮೇಲೆ ಕಾಸಿಕೊಳ್ಳಿ ಎಂದಳು. ಅವರು ಕಾಸಿಕೊಳ್ಳಲಿಲ್ಲ.

ನಾನು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಮುಚ್ಚಿಡಲು ಏನೂ ಉಳಿದಿರಲಿಲ್ಲ. ಬಾಗ್ದಾದಿನವರು ಕೂಡಿ ಆಳೋಣ ಎಂದು ತಾವು ಕರೆದಿದ್ದ ಕಮ್ಯುನಿಸ್ಟರನ್ನೇ ಮುಗಿಸಿದ್ದರು. ತಪ್ಪಿಸಿಕೊಂಡವರು ದೇಶದೇಶ ಅಲೆಯುತ್ತಿದ್ದರು. ಅಮೆರಿಕಾದ ಸುದ್ದಿ ಈಗ ಖರೇ ಸುದ್ದಿಯಾಯಿತು, ಯಾಕೆಂದರೆ ಮೇಲಿನವರೂ ಹಾಗೆಂದರು. ಯೂನಿಯನ್ ಹಾಲಿನಲ್ಲಿ ಅರಬ ಹುತಾತ್ಮರಿಗೆ ಶ್ರದ್ಧಾಂಜಲಿ ಸಭೆ ಇಟ್ಟರು. ಅವ್ವನನ್ನು ವೇದಿಕೆಗೆ ಕರೆದರು, ಅರಬ ಕಾಮ್ರೇಡನಿಗೆ ಅನ್ನವಿಟ್ಟ ತಾಯಿ ಎಂದು. ಅವ್ವ ಹೋಗುವುದಿಲ್ಲ ಎಂದುಕೊಂಡಿದ್ದೆ. ಅವಳು ಇಳಕಲ್ ಸೀರೆ ಉಟ್ಟುಕೊಂಡು, ನನ್ನ ಕೈ ಹಿಡಿದುಕೊಂಡು ಹೋದಳು. ಸೆಕ್ರೆಟರಿ ಚೆನ್ನಾಗಿ ಮಾತಾಡಿದರು. ನಮ್ಮ ಯೂನಿಯನ್ನಿನ ಒಬ್ಬ ಬಡ ಕೂಲಿ ದೂರದೇಶದ ಸಂಗಾತಿಗೆ ಆಸರೆ ಕೊಟ್ಟ, ಜಗತ್ತಿನ ದುಡಿಯುವವರೆಲ್ಲ ಒಂದು ಎಂದರೆ ಇದೇ ಎಂದರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಆಸರೆ ಎಷ್ಟು ದಿನ, ಆಮೇಲೆ ಏನಾಯಿತು ಎಂಬುದು ಭಾಷಣದಲ್ಲಿ ಬರಲೇ ಇಲ್ಲ. ಎಲ್ಲರೂ ಎದ್ದು ಮೌನವಾಗಿ ನಿಂತರು, ಕೂತರು. ಆಮೇಲೆ ಅವ್ವನಿಗೆ ಎರಡು ಮಾತು ಹೇಳಲು ಮೈಕು ಕೊಟ್ಟರು. ಅವ್ವ ಮೈಕನ್ನು ಮುಟ್ಟಲಿಲ್ಲ.

“ಸತ್ತವರ ಸಲುವಾಗಿ ನಿಂತ್ರಿ, ಚಲೋ ಆತು. ಆವತ್ತು ಅವನ್ನ ಹಡಗಕ್ಕ ಹತ್ತಸ್ರಿ ಅಂದವರು, ಹತ್ತಿಸಿದವರು, ಈಗ ಎದ್ದ ನಿಂದರ್ರಿ.”

ಸೆಕ್ರೆಟರಿ ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದರು. ಮುಂದಿನ ಸಾಲಿನವರು ನೆಲ ನೋಡಿದರು. ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ಸರಿಯಿತು. ಎದ್ದವನು ಅಪ್ಪ, ಅವನೊಬ್ಬನೇ. ಕೈಯನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಯಾರೋ ಅವಸರದಲ್ಲಿ ಸಭೆ ಮುಗಿಯಿತು ಎನ್ನುವವರೆಗೆ ಹಾಗೇ ನಿಂತಿದ್ದ. ಸೆಕ್ರೆಟರಿ ಕೂತೇ ಇದ್ದರು.

ಆ ಸಂಜೆ ಅವ್ವ ತನ್ನ ಒಲೆಯ ಮೇಲೆ ಅಪ್ಪನಿಗೆ ಎರಡು ರೊಟ್ಟಿ ಮಾಡಿ ಅವನ ತಾಟಿಗೆ ಹಾಕಿದಳು. ಅವನು ಬಗ್ಗಿಕೊಂಡು ತಿಂದ, ತಿನ್ನುವಾಗ ಮೂಗು ಒರೆಸಿಕೊಂಡ. ಇನ್ನು ಒಲೆ ಒಂದಾಯಿತು ಎಂದು ನಾನು ತಿಳಿದೆ. ಮರುದಿನ ಮತ್ತೆ ಅವನ ಪಾಲಿನ ಹಿಟ್ಟು ಆ ಕಡೆಯ ಕಲ್ಲುಗಳ ಪಕ್ಕದಲ್ಲಿತ್ತು. ನಾನು ಯಾಕೆ ಎಂದು ಕೇಳಿದೆ.

“ಎದ್ದ ನಿಂತದ್ದಕ್ಕ ಎರಡ ರೊಟ್ಟಿ. ಅದಕ್ಕಿಂತ ಹೆಚ್ಚ ಇಲ್ಲ.”

ಖೋಲಿ ಇರುವವರೆಗೂ ಎರಡೂ ಒಲೆ ಇದ್ದವು. ಅಪ್ಪ ಕೊನೆಗೆ ಒಳ್ಳೆಯ ರೊಟ್ಟಿಯನ್ನೇ ಬಡಿಯುತ್ತಿದ್ದ. ನಾನು ಅವನನ್ನು ಪ್ರೀತಿಸಲಿಲ್ಲ ಎಂದರೆ ಸುಳ್ಳಾಗುತ್ತದೆ, ಕ್ಷಮಿಸಿದೆ ಎಂದರೂ ಸುಳ್ಳಾಗುತ್ತದೆ. ಈಗ ಇಬ್ಬರೂ ಇಲ್ಲ.

ಹೋದ ತಿಂಗಳು ಯೂನಿಯನ್ನಿನಿಂದ ಒಬ್ಬ ಹುಡುಗಿ, ಒಬ್ಬ ಹುಡುಗ ಫಾತೋರ್ಡಾಕ್ಕೆ ನನ್ನನ್ನು ಹುಡುಕಿಕೊಂಡು ಬಂದರು. ಇಬ್ಬರೂ ನಮ್ಮ ಕಡೆಯ ಮಕ್ಕಳೇ. ಯೂನಿಯನ್ ಹಾಲಿನ ಗೋಡೆಯ ಮೇಲೆ ಹಳೆಯ ಕೂಲಿಕಾರರ ಫೋಟೋ ಹಾಕುತ್ತಿದ್ದಾರಂತೆ. ಅಪ್ಪನದು ಬೇಕು, ಕೆಳಗೆ, ಅರಬ ಕಮ್ಯುನಿಸ್ಟನಿಗೆ ಆಸರೆ ಕೊಟ್ಟ ಕಾರ್ಮಿಕ ಎಂದು ಬರೆಯುತ್ತೇವೆ ಎಂದರು. ನಾನು ಫೋಟೋ ತಂದು ಮೇಜಿನ ಮೇಲೆ ಇಟ್ಟು, ಇಲ್ಲಿ ಬರೆದಷ್ಟನ್ನೂ ಅವರಿಗೆ ಹೇಳಿದೆ. ಹುಡುಗಿಯ ಕಣ್ಣು ತುಂಬಿತು. ಹುಡುಗ, ಅವನೂ ಒಳ್ಳೆಯವನೇ, ಅಷ್ಟೆಲ್ಲ ಬರೆಯಲು ಜಾಗ ಸಾಲದು, ಒಂದೇ ಸಾಲು ಹಿಡಿಸುತ್ತದೆ ಟೀಚರ್ ಎಂದ.

“ಒಂದ ಸಾಲಿಗೆ ಜಾಗ ಇದ್ರ, ಹಡಗಕ್ಕ ಹತ್ತಿಸಿದ ಅಂತ ಬರೀರಿ. ನಮ್ಮಪ್ಪ ಅದನ್ನ ಒಪ್ಪಿಕೊಂಡ ಸತ್ತಾನ. ನಿಮ್ಮ ಯೂನಿಯನ್ನಿನವರು ಒಪ್ಪೂದು ಬಾಕಿ ಐತಿ.”

ಹಿರಿಯರನ್ನು ಕೇಳಿ ಹೇಳುತ್ತೇವೆ ಎಂದು ಇಬ್ಬರೂ ಎದ್ದರು. ಬಾಗಿಲಲ್ಲಿ ಹುಡುಗಿ ಒಮ್ಮೆ ಹಿಂತಿರುಗಿ ನೋಡಿದಳು. ಫೋಟೋವನ್ನು ಮೇಜಿನ ಮೇಲೆಯೇ ಬಿಟ್ಟು ಹೋದರು.